ಬಾಯಿ ಮುಕ್ಕಳಿಸಿದ ಬೇಸಿಗೆ

ಮೊನ್ನೆ ದೊಡ್ಡಬಳ್ಳಾಪುರದ ಸ್ಕ್ಯಾನಿಂಗ್ ಸೆಂಟರ್ ಒಂದಕ್ಕೆ ಹೋಗಬೇಕಾಯಿತು. ನನ್ನ ಹೊಟ್ಟೆಯಲ್ಲಿ ಏನೋ ಗಂಟಿದೆಯೆಂದು ಡಾಕ್ಟರಿಗೆ ಅನುಮಾನ. ಎಂಬತ್ತು ದಾಟಿದವಳ ಹೊಟ್ಟೆಯಲ್ಲಿ ಗಂಟಿದ್ದರೇನು, ಬಿಟ್ಟರೇನು ಎಂದರೆ ತಮ್ಮನ ಮಗ ಕೇಳಲಿಲ್ಲ, ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟ. ಒಳಗೆ ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನ ಬೆರಳಿಗೆ ಒಂದು ಚಿಮುಟ ಸಿಕ್ಕಿಸಿ, ತೋಳಿಗೆ ಪಟ್ಟಿ ಸುತ್ತಿ, ಬಾಯಿಗೆ ಥರ್ಮಾಮೀಟರ್ ಇಡಲು ಬಂದವಳು ಥಟ್ಟನೆ ನಿಂತು ಕೇಳಿದಳು.

"ಅಜ್ಜಿ, ಈಗೇನಾದ್ರೂ ಕುಡಿದ್ರಾ?"

"ಒಂದು ಗುಟುಕು ತಣ್ಣೀರು ಕುಡಿದೆ ಕಣಮ್ಮ."

"ಹಾಗಾದ್ರೆ ಹದಿನೈದು ನಿಮಿಷ ಕೂತ್ಕೊಳ್ಳಿ. ಈಗ ನೋಡಿದ್ರೆ ಜ್ವರ ಇದ್ರೂ ಇಲ್ಲ ಅಂತ ತೋರ್ಸುತ್ತೆ."

ಅಷ್ಟು ಹೇಳಿ ಅವಳು ಪಕ್ಕದ ರೋಗಿಯ ಕಡೆ ತಿರುಗಿದಳು. ನಾನು ಅವಳನ್ನೇ ನೋಡುತ್ತಾ ಕೂತೆ. ತಮ್ಮನ ಮಗ ಬಗ್ಗಿ ನೋಡಿ, "ಭಯ ಆಗ್ತಾ ಇದ್ಯಾ ಅತ್ತೆ?" ಅಂದ. ಇಲ್ಲ ಅಂದೆ. ಭಯವಲ್ಲ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ನಾನು ಇದೇ ಊರಿನಲ್ಲಿ, ಒಂದು ಇಡೀ ಬೇಸಿಗೆ, ಯಾರನ್ನೂ ಕೇಳಿರಲಿಲ್ಲ.

ಅದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ನನಗೆ ಇಪ್ಪತ್ತಮೂರು. ಬೂದಿಗೆರೆಯ ನಮ್ಮ ವಂಶದಲ್ಲಿ ನರ್ಸ್ ಕೆಲಸ ಕಲಿತವಳು ನಾನೊಬ್ಬಳೇ. 'ಕಂಡೋರ ಮೈ ಮುಟ್ಟೋ ಕೆಲಸ' ಎಂದು ನಮ್ಮ ದೊಡ್ಡಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದರು. ಅವರ ಜೊತೆ ಮಾತಾಡುವಂಥದ್ದು ನನಗೂ ಹೆಚ್ಚೇನೂ ಇರಲಿಲ್ಲ. ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ, ಊರು ದಾಟಿದ ಕೂಡಲೇ, ಒಬ್ಬ ರೇಷ್ಮೆ ವ್ಯಾಪಾರಿ ತೀರಿಹೋದ ಹೆಂಡತಿಯ ನೆನಪಿಗೆ ಕಟ್ಟಿಸಿದ ಪುಟ್ಟ ಧರ್ಮಾಸ್ಪತ್ರೆಯಲ್ಲಿ ನನಗೆ ಕೆಲಸ. ಮೂರು ಕೋಣೆ, ಒಂದು ಜಗಲಿ, ಮುಂದೆ ದೊಡ್ಡ ಹೊಂಗೆ ಮರ. ಈಗ ಅದ್ಯಾವುದೂ ಇಲ್ಲ. ಆ ಜಾಗದಲ್ಲಿ ಲಾರಿ ಟೈರಿನ ಅಂಗಡಿಯಿದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಆಸ್ಪತ್ರೆಗೆ ಒಂದು ಎಕ್ಸ್‌ರೇ ಯಂತ್ರ ಬಂತು. ಯುದ್ಧ ಮುಗಿದಿದ್ದರಿಂದ ಬೆಂಗಳೂರಿನ ಮಿಲಿಟರಿಯವರು ಬೇಡವಾದ ಸಾಮಾನುಗಳನ್ನು ಮಾರುತ್ತಿದ್ದರು, ಆಸ್ಪತ್ರೆ ಕಟ್ಟಿಸಿದ ವ್ಯಾಪಾರಿಯೇ ಕೊಂಡುಕೊಟ್ಟರು. ಯಂತ್ರದ ಜೊತೆಗೆ ಬಳುವಳಿಯಾಗಿ ಬಂದವರ ಹಾಗೆ ರಹಮತ್ ಸಾಹೇಬರು ಬಂದರು. ಬರ್ಮಾ ಗಡಿಯಲ್ಲಿ ಗಾಯಾಳು ಸೈನಿಕರ ಎಲುಬಿನ ಚಿತ್ರ ತೆಗೆದು ಬಂದವರು, ನಲವತ್ತರ ಆಸುಪಾಸು, ಯಂತ್ರವನ್ನು 'ನನ್ ಡಬ್ಬಿ' ಎಂದೇ ಕರೆಯುವವರು. ಹಳ್ಳಿಯ ಜನ ಅದಕ್ಕೆ 'ಒಳಗಿನ ಪಟ ತೆಗೆಯೋದು' ಅಂದರು. ಎದುರಿನ ಹಿಟ್ಟಿನ ಗಿರಣಿ ತಿರುಗತೊಡಗಿದರೆ ನಮ್ಮಲ್ಲಿ ದೀಪ ಮಂಕಾಗಿ ಪಟ ಮಸಕಾಗುತ್ತಿತ್ತು. ಅದಕ್ಕೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಗಿರಣಿ ನಿಲ್ಲಿಸುವುದೆಂದು ಮಾತಾಗಿತ್ತು. ರಾಗಿ ಬೀಸಿಸಲು ಬಂದವರು ಚೀಲದ ಮೇಲೆ ಕೂತು ನಮ್ಮ ಕಡೆಯೇ ನೋಡುತ್ತಿದ್ದರು.

ಪಟ ತೆಗೆಯುವ ಫಿಲ್ಮು ಬೆಂಗಳೂರಿನಿಂದ ಬರಬೇಕು. ವಾರಕ್ಕೆ ಒಂದು ಡಜನ್ ಸಿಕ್ಕರೆ ಅದೇ ಪುಣ್ಯ. ಕೆಮ್ಮಿಕೊಂಡು ಬರುವವರು ದಿನಕ್ಕೆ ಮೂವತ್ತು, ನಲವತ್ತು. ಮಗ್ಗದ ಮನೆಗಳಿಂದ, ಹೊಲಗಳಿಂದ, ಬೆಂಗಳೂರಿನ ಬಟ್ಟೆ ಮಿಲ್ಲುಗಳಿಂದ ಕೆಲಸ ಬಿಟ್ಟು ಬಂದವರು. ಅವರಲ್ಲಿ ಕ್ಷಯ ಯಾರಿಗೆ, ಬರೀ ನೆಗಡಿ ಯಾರಿಗೆ? ನಮ್ಮ ಡಾಕ್ಟರು ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಒಂದು ಕಿವಿ ಮಂದ, ಎದೆಗೆ ಕೊಳವೆಯಿಟ್ಟು ಕೇಳುವಾಗ ಆ ಕಿವಿಯನ್ನೇ ಬೈದುಕೊಳ್ಳುತ್ತಿದ್ದರು. ಅವರು ಒಂದು ಕಟ್ಟಳೆ ಮಾಡಿದರು. ಮೂರು ವಾರಕ್ಕೆ ಮೀರಿದ ಕೆಮ್ಮು, ಜೊತೆಗೆ ಜ್ವರ. ಎರಡೂ ಇದ್ದರೆ ಪಟ. ಜ್ವರವಿಲ್ಲದಿದ್ದರೆ ಔಷಧಿ ಕೊಟ್ಟು ಕಳಿಸಿ, ಎರಡು ತಿಂಗಳು ಬಿಟ್ಟು ಬರಲಿ.

ಪಟಕ್ಕೆ ಮುಂಚಿನ ತಪಾಸಣೆ ನನ್ನ ಕೆಲಸ. ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತು ಒಬ್ಬೊಬ್ಬರನ್ನೂ ನೋಡಿ ಚೀಟಿ ಬರೆಯಬೇಕು: ನಾಡಿ ಎಷ್ಟು, ಜ್ವರ ಎಷ್ಟು, ಉಸಿರು ಎಷ್ಟು, ತೂಕ ಎಷ್ಟು, ಯಂತ್ರದ ಫಿಲ್ಮು ತಟ್ಟೆಯ ಮುಂದೆ ತಾವಾಗಿ ನಿಲ್ಲಬಲ್ಲರೋ ಇಲ್ಲವೋ. ಉಸಿರು ಎಣಿಸುವುದರಲ್ಲಿ ಒಂದು ಗುಟ್ಟಿದೆ. ನಿನ್ನ ಉಸಿರು ಎಣಿಸುತ್ತೇನೆ ಅಂದರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲ. ಆದ್ದರಿಂದ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟು ಹಿಡಿದೇ ಇದ್ದು, ಕಣ್ಣಂಚಿನಲ್ಲಿ ಎದೆಯ ಮೇಲಿನ ಸೆರಗು ಏರಿಳಿಯುವುದನ್ನು ಎಣಿಸುತ್ತಿದ್ದೆ.

ರಹಮತ್ ಸಾಹೇಬರಿಗೆ ಇನ್ನೊಂದು ಬೇಕಿತ್ತು. ಪಟ ತೆಗೆಯುವಾಗ ರೋಗಿ ಉಸಿರು ಹಿಡಿದು ನಿಲ್ಲಬೇಕು, ಅಲುಗಿದರೆ ಫಿಲ್ಮು ಹಾಳು. "ಉಸಿರು ಹಿಡೀಲಾರದೋರನ್ನ ಮೊದಲೇ ನನಗೆ ಹೇಳ್ಬಿಡಿ ಸಿಸ್ಟರ್, ಅವರಿಗೆ ಬೇರೆ ಇಂತಜಾಮು ಮಾಡ್ತೀನಿ" ಅನ್ನುತ್ತಿದ್ದರು. ಅದಕ್ಕೆ ನಾನು ಎಲ್ಲರಿಗೂ ಒಂದೇ ಉಸಿರಿನಲ್ಲಿ ಹತ್ತರವರೆಗೆ ಎಣಿಸಲು ಹೇಳುತ್ತಿದ್ದೆ. ರೈತರ ಮನೆಯವರು 'ಒಂದು' ಅನ್ನುತ್ತಿರಲಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಲಾಭ' ಅನ್ನುವುದು ವಾಡಿಕೆಯಲ್ಲವೆ? ಇಲ್ಲಿಯೂ ಹಾಗೆಯೇ, "ಲಾಭ, ಎರಡು, ಮೂರು" ಎಂದು ಶುರುಮಾಡುತ್ತಿದ್ದರು. ಮೈಯಲ್ಲಿ ರೋಗ ತುಂಬಿಕೊಂಡವರೂ ಲಾಭದಿಂದಲೇ ಎಣಿಸುವುದನ್ನು ಕೇಳಿ ನನಗೆ ಮೊದಮೊದಲು ನಗು ಬರುತ್ತಿತ್ತು.

ತೊಂದರೆ ಬಂದದ್ದು ಥರ್ಮಾಮೀಟರಿನಿಂದ. ನಮ್ಮಲ್ಲಿದ್ದದ್ದು ಎರಡೇ ಎರಡು. ಒಬ್ಬರ ಬಾಯಿಂದ ತೆಗೆದು, ಸ್ಪಿರಿಟಿನಲ್ಲಿ ಒರೆಸಿ ಇನ್ನೊಬ್ಬರ ಬಾಯಿಗೆ ಇಡುತ್ತಿದ್ದೆ. ಮೊದಲ ವಾರವೇ ಮಗ್ಗದ ಮನೆಯ ಹಿರಿಯರೊಬ್ಬರು ಮುಖ ಹಿಂದಕ್ಕೆಳೆದುಕೊಂಡರು.

"ಏನವ್ವಾ ಇದು? ಊರೋರ ಬಾಯಲ್ಲೆಲ್ಲಾ ಇಟ್ಟಿದ್ದ ತಂದು ನನ್ ಬಾಯಿಗೆ ತುರುಕ್ತೀಯಾ?"

"ಔಷಧಿ ಹಾಕಿ ಒರೆಸಿದ್ದೀನಿ ತಾತ."

"ಒರ್ಸುದ್ರೆ ಎಂಜಲು ಹೋಯ್ತದಾ? ನೀರಲ್ಲಿ ತೊಳೀಬೇಕು. ಇಡೋಕ್ ಮುಂಚೆ ಬಾಯಿ ಮುಕ್ಕಳಿಸ್ಬೇಕು, ಇಟ್ಟಾದ್ಮೇಲೂ ಮುಕ್ಕಳಿಸ್ಬೇಕು. ನಿಮ್ಮವ್ವ ಹೇಳ್ಕೊಡ್ಲಿಲ್ವಾ?"

ಅವರ ಹಿಂದೆ ಕೂತಿದ್ದವರೆಲ್ಲ ಎದ್ದು ನಿಂತರು. ಆ ದಿನ ಒಬ್ಬರೂ ಬಾಯಿ ತೆರೆಯಲಿಲ್ಲ. ಕಂಕುಳಲ್ಲಿ ಇಡಬಹುದಿತ್ತು. ಆದರೆ ರಸ್ತೆಯಂಚಿನ ಬಯಲಿನಲ್ಲಿ, ಗಿರಣಿಯವರೆಲ್ಲ ನೋಡುತ್ತಿರುವಾಗ, ಹೆಂಗಸರು ರವಿಕೆ ಸಡಿಲಿಸುವುದು ಹೇಗೆ? ಡಾಕ್ಟರು ತಲೆ ಕೆರೆದುಕೊಂಡರು. ಉಪಾಯ ಹುಡುಕಿದವಳು ನಾನು. ಕುಂಬಾರರ ಬೀದಿಯಿಂದ ಒಂದು ದೊಡ್ಡ ಹೊಸ ಮಡಕೆ ತರಿಸಿ, ಹೊಂಗೆ ಮರದ ಬುಡದಲ್ಲಿ ಮರಳು ಹಾಸಿ ಅದರ ಮೇಲಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿ, ಸೇದುವ ಬಾವಿಯ ನೀರು ತುಂಬಿಸಿದೆ. ಬಂದವರು ಬಾಯಿ ಮುಕ್ಕಳಿಸಬೇಕು, ಅವರ ಕಣ್ಣೆದುರಿಗೇ ನಾನು ಥರ್ಮಾಮೀಟರನ್ನು ಆ ನೀರಿನಲ್ಲಿ ತೊಳೆಯಬೇಕು, ಬಾಯಿಗಿಡಬೇಕು. ಮೂರೇ ದಿನದಲ್ಲಿ ಎಲ್ಲರೂ ಒಪ್ಪಿದರು. ಅದೇ ತಾತ ಬಂದು ಕೂತು ಶಿಸ್ತಾಗಿ ಬಾಯಿ ತೆರೆದರು. ಡಾಕ್ಟರು "ಭೇಷ್" ಅಂದರು. ನಾನು ಊರಿಗೆ ಕಾಗದ ಬರೆದು ಈ ಸಂಗತಿಯನ್ನು ಒಂದು ಪುಟ ಕೊಚ್ಚಿಕೊಂಡೆ.

ಬಿರುಬೇಸಿಗೆ. ನಾಲ್ಕು ಮೈಲಿ, ಆರು ಮೈಲಿ ಬಿಸಿಲಿನಲ್ಲಿ ನಡೆದು ಬಂದವರು ಬಾಯಿ ಮುಕ್ಕಳಿಸುವುದೇನು, ಎರಡು ಚೊಂಬು ತಣ್ಣೀರನ್ನು ಗಟಗಟನೆ ಕುಡಿದು, ಇನ್ನೊಂದು ಸಲ ಮುಕ್ಕಳಿಸಿ, "ಈಗಿಡವ್ವ" ಅನ್ನುತ್ತಿದ್ದರು. ನಾನು ತಕ್ಷಣ ಇಡುತ್ತಿದ್ದೆ. ಗಾಜು ನೋಡಿದರೆ ತೊಂಬತ್ತೆಂಟು, ತೊಂಬತ್ತೇಳೂವರೆ. ಜ್ವರ ಇಲ್ಲ, ಬರಿ, ಮುಂದಿನವರು.

ತಣ್ಣೀರು ಕುಡಿದ ಬಾಯಿಯಲ್ಲಿ ಜ್ವರ ಗೊತ್ತಾಗುವುದಿಲ್ಲ ಎಂದು ನನಗೆ ಕಲಿಸಿದ್ದರು. ತಿಳಿಯದೆ ಮಾಡಿದ ತಪ್ಪು ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ನನ್ನ ಉಪಾಯ ನನಗೆ ಅಷ್ಟು ಚೆನ್ನಾಗಿ ಕಂಡಿತ್ತು, ಸಾಲು ಅಷ್ಟು ಉದ್ದವಿತ್ತು.

ಮುನಿಯಮ್ಮ ಬಂದದ್ದು ಹೊಂಗೆ ಹೂವು ನೆಲದ ತುಂಬ ಉದುರುತ್ತಿದ್ದ ದಿನಗಳಲ್ಲಿ. ಘಾಟಿ ದಾರಿಯಲ್ಲಿ ಬಲಕ್ಕೆ ಒಳಗಿರುವ ಒಂದು ಹಳ್ಳಿಯವಳು, ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಗಂಡ ಬೆಂಗಳೂರಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಬರುವವನು. ಜೊತೆಗೆ ಅತ್ತೆ ತಿಮ್ಮಕ್ಕ ಬಂದಿದ್ದಳು, ಅವಳ ಸೊಂಟದ ಮೇಲೆ ಮುನಿಯಮ್ಮನ ಏಳು ತಿಂಗಳ ಹೆಣ್ಣುಕೂಸು. ಮುನಿಯಮ್ಮ ಮಡಕೆಯ ಬಳಿ ಹೋಗಿ ಚೆನ್ನಾಗಿ ಬಾಯಿ ಮುಕ್ಕಳಿಸಿ ಬಂದು ನನ್ನೆದುರು ಕೂತಳು. ಮಣಿಕಟ್ಟು ಹಿಡಿದೆ. ಕೈಗೆ ಬಿಸಿ ಮುಟ್ಟಿತು. ಬಿಸಿಲಿನಲ್ಲಿ ಬಂದವಳಲ್ಲವೆ ಅಂದುಕೊಂಡೆ. ನಾಡಿ ನೂರ ಹದಿನಾರು. ನಡೆದ ಆಯಾಸ ಅಂದುಕೊಂಡೆ. ಒಂದೇ ಉಸಿರಿನಲ್ಲಿ ಎಣಿಸು ಅಂದಾಗ, "ಲಾಭ, ಎರಡು, ಮೂರು, ನಾಕು, ಐದು, ಆರು" ಅಂದವಳು ಕೆಮ್ಮಿದಳು. ಅದನ್ನೂ ಬರೆದುಕೊಂಡೆ. ಥರ್ಮಾಮೀಟರ್ ತೊಂಬತ್ತೆಂಟು ತೋರಿಸಿತು. ಕೈ ಒಂದು ಹೇಳುತ್ತಿತ್ತು, ಗಾಜು ಒಂದು ಹೇಳುತ್ತಿತ್ತು. ಗಾಜಿನ ಮಾತು ನಂಬಬೇಕೆಂದು ನಾನು ಓದಿದವಳು.

ಚೀಟಿ ನೋಡಿ ಡಾಕ್ಟರು, "ಜ್ವರ ಇಲ್ಲ. ಎರಡು ತಿಂಗಳು ಬಿಟ್ಟು ಬಾಮ್ಮ" ಎಂದು ಔಷಧಿ ಬರೆದುಕೊಟ್ಟರು. ಹೊರಡುವ ಮುಂಚೆ ಮುನಿಯಮ್ಮ ಅತ್ತೆ ಮುಂದೆ ಹೋಗಲೆಂದು ಕಾದು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ನರ್ಸಮ್ಮ, ಸಂಜೆ ಆದ್ರೆ ಮೈಯೆಲ್ಲಾ ಕಾವು ಬತ್ತದೆ. ಕೂಸನ್ನ ಮಗ್ಗುಲಲ್ಲಿ ಮಲಗಿಸ್ಕೋಬೋದಾ?"

"ನಿನಗೆ ಜ್ವರ ಇಲ್ಲ ಮುನಿಯಮ್ಮ. ಧಾರಾಳವಾಗಿ ಮಲಗಿಸ್ಕೊ, ಹಾಲು ಕೊಡು" ಅಂದೆ. ನಗುನಗುತ್ತಾ ಅಂದೆ.

ಇನ್ನೂ ಕೆಲವು ವಾರ ಹೀಗೇ ನಡೆಯಿತು. ಆಮೇಲೆ ಒಂದು ಮಂಗಳವಾರ, ಯಾರದೋ ಆಡು ಮಡಕೆಯಲ್ಲಿ ಮೂತಿ ತೂರಿಸಲು ಹೋಗಿ ಅದನ್ನು ಉರುಳಿಸಿ ಒಡೆದುಹಾಕಿತು. ಬಾವಿಯ ಹಗ್ಗವೂ ಅವತ್ತೇ ಕಿತ್ತುಹೋಗಿತ್ತು. ನನ್ನ ಚೊಂಬಿನಲ್ಲಿ ಉಳಿದಿದ್ದ ನೀರಿನಲ್ಲಿ ಥರ್ಮಾಮೀಟರ್ ತೊಳೆದು ತೋರಿಸಿ, ಇದೊಂದು ದಿನ ಅನುಸರಿಸಿಕೊಳ್ಳಿ ಎಂದು ಕೈಮುಗಿದೆ. ಅಷ್ಟರಲ್ಲಿ ನನ್ನ ಮೇಲೆ ನಂಬಿಕೆ ಬಂದಿತ್ತು, ಗೊಣಗಿಕೊಂಡೇ ಒಪ್ಪಿದರು. ಮೂರು ವಾರ ಮೀರಿದ ಕೆಮ್ಮಿನವರು ಒಂಬತ್ತು ಜನ ಕೂತಿದ್ದರು, ಏಳು ಜನಕ್ಕೆ ಜ್ವರ.

ಏಳು ಚೀಟಿ ಹಿಡಿದು ಡಾಕ್ಟರು ಬಾಗಿಲಿಗೆ ಬಂದರು. "ಏನಮ್ಮ ಇದು, ಇವತ್ತು ಘಾಟಿ ದಾರಿಗೆಲ್ಲಾ ಒಟ್ಟಿಗೆ ಜ್ವರ ಬಂದುಬಿಟ್ಟಿದೆಯಾ?"

ನಾನೂ ನಕ್ಕೆ. ನಗುತ್ತಲೇ ಒಡೆದ ಮಡಕೆಯ ಕಡೆ ನೋಡಿದೆ. ಬುಡದ ದೊಡ್ಡ ಚೂರಿನಲ್ಲಿ ಇನ್ನೂ ಬೊಗಸೆಯಷ್ಟು ನೀರು ನಿಂತಿತ್ತು. ಹೋಗಿ ಆ ನೀರನ್ನು ಬಾಯಿಗೆ ಹಾಕಿ, ಎರಡು ಸಲ ಮುಕ್ಕಳಿಸಿ, ಥರ್ಮಾಮೀಟರನ್ನು ನನ್ನ ನಾಲಿಗೆಯ ಕೆಳಗಿಟ್ಟುಕೊಂಡೆ. ತೆಗೆದು ನೋಡಿದರೆ ತೊಂಬತ್ತಾರನ್ನೂ ಮುಟ್ಟಿರಲಿಲ್ಲ. ಆರೋಗ್ಯವಾಗಿ ನಿಂತಿದ್ದವಳ ಮೈ ಹೆಣದ ಹಾಗೆ ತಣ್ಣಗಿದೆ ಎಂದು ಗಾಜು ಹೇಳುತ್ತಿತ್ತು. ಅಲ್ಲೇ ಮರಳಿನ ಮೇಲೆ ಕೂತೆ.

ರಹಮತ್ ಸಾಹೇಬರು ಹೊರಗೆ ಬಂದು ಏನಾಯಿತು ಅಂದರು. ಹೇಳಿದೆ. ಅವರು ಬೈಯಲಿಲ್ಲ. "ನನ್ ಡಬ್ಬಿ ಸುಳ್ಳು ಹೇಳಲ್ಲ ಸಿಸ್ಟರ್. ಆದ್ರೆ ಅದರ ಮುಂದೆ ಯಾರನ್ನ ತಂದು ನಿಲ್ಲಿಸ್ಬೇಕು ಅನ್ನೋದು ಅದಕ್ಕೆ ಗೊತ್ತಾಗಲ್ವಲ್ಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಿಗೆ ಹೇಳಲು ಹೋದಾಗ ನನ್ನ ಮಾತು ಅವರ ಮಂದ ಕಿವಿಗೆ ಕೇಳಿಸದೆ, ಅದೇ ತಪ್ಪೊಪ್ಪಿಗೆಯನ್ನು ಎರಡು ಸಲ, ಎರಡನೆಯ ಸಲ ಜೋರಾಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಬೇಕಾಯಿತು. ಅವರು ಕನ್ನಡಕ ತೆಗೆದಿಟ್ಟರು.

"ಮಡಕೆ ಇಟ್ಟಿದ್ದು ತಪ್ಪಲ್ಲಮ್ಮ" ಅಂದರು. "ಇಟ್ಟು, ಕಾಯದೆ ಇದ್ದಿದ್ದು ತಪ್ಪು. ನಾಡಿ ಎಷ್ಟು ಅಂತ ನೀನು ಪ್ರತಿ ಚೀಟಿಯಲ್ಲೂ ಬರೆದಿದ್ದೆ. ನಾನು ಅದನ್ನು ಓದದೆ ಬರೀ ಜ್ವರದ ಸಾಲು ನೋಡಿ ವಾಪಸ್ಸು ಕಳಿಸಿದೆ. ಅದೂ ತಪ್ಪು. ಚೀಟಿಗಳನ್ನ ತೆಗಿ."

ಹಳೆಯ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆವು. ಜ್ವರ ಇಲ್ಲವೆಂದು ಬರೆದಿದ್ದರೂ ನಾಡಿ ಓಡುತ್ತಿದ್ದವರು, ಉಸಿರು ಹೆಚ್ಚಿದ್ದವರು, ಹತ್ತರವರೆಗೆ ಎಣಿಸಲಾಗದವರು. ಅಂಥ ಹತ್ತೊಂಬತ್ತು ಚೀಟಿ ಸಿಕ್ಕವು. ಎಲ್ಲವೂ ನನ್ನದೇ ದುಂಡನೆಯ ಅಕ್ಷರ. ಅಕ್ಷರ ಚೆನ್ನಾಗಿದೆಯೆಂದು ತರಬೇತಿಯಲ್ಲಿ ನನಗೆ ಬಹುಮಾನ ಬಂದಿತ್ತು.

ಮರುದಿನದಿಂದ ಆಸ್ಪತ್ರೆಯ ಒಂಟೆತ್ತಿನ ಗಾಡಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದೆವು. ಗಾಡಿ ಹೊಡೆಯುವವರು ರಹಮತ್ ಸಾಹೇಬರು. ಮಿಲಿಟರಿ ಲಾರಿಯನ್ನು ಗುಡ್ಡ ಹತ್ತಿಸಿದವರಿಗೆ ಈ ಎತ್ತು ಮಾತ್ರ ಸೊಪ್ಪು ಹಾಕುತ್ತಿರಲಿಲ್ಲ. ಹತ್ತೊಂಬತ್ತರಲ್ಲಿ ಹದಿನೇಳು ಜನ ಸಿಕ್ಕರು. ಒಬ್ಬ ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋಗಿದ್ದ. ಇನ್ನೊಬ್ಬರು ಎಂಜಲಿನ ಪಾಠ ಹೇಳಿದ ಮಗ್ಗದ ತಾತ, ತೀರಿಕೊಂಡು ಹತ್ತು ದಿನವಾಗಿತ್ತು. ಅವರ ಮಗ ನನಗೆ ಮಣೆ ಹಾಕಿ ಕೂರಿಸಿ, "ನಮ್ಮಪ್ಪ ನಿಮ್ಮನ್ನ ತುಂಬಾ ಹೊಗಳ್ತಿದ್ರು, ನರ್ಸಮ್ಮ ಹೇಳಿದ ಮಾತು ಕೇಳ್ತಾಳೆ ಅಂತ" ಅಂದ. ಆ ಮಣೆಯ ಮೇಲೆ ನನಗೆ ಕೂರಲಾಗಲಿಲ್ಲ.

ಮುನಿಯಮ್ಮನ ಹಳ್ಳಿಗೆ ಹೋದ ದಿನ ಮುಂಗಾರಿನ ಮೊದಲ ಮಳೆ. ಮಳೆಗೆ ಸಿಕ್ಕಿ, ನೆನೆದು ತೊಪ್ಪೆಯಾಗಿ ಅವರ ಮನೆಯ ಮುಂದೆ ಇಳಿದೆ. ಅವಳನ್ನು ಏನು ಕೇಳಬೇಕೆಂದು ದಾರಿಯುದ್ದಕ್ಕೂ ಹೆದರಿಕೊಂಡೇ ಬಂದಿದ್ದೆ. ಆರು ವಾರ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಾಳೆ, ನಾನೇ ಮಲಗಿಸಿಕೋ ಅಂದಿದ್ದೇನೆ. ಕೂಸು ಹೇಗಿದೆ? ಅದೊಂದೇ ಪ್ರಶ್ನೆ.

ಮುನಿಯಮ್ಮ ಹೊರಗಿನ ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಆರು ವಾರದಲ್ಲಿ ಅರ್ಧವಾಗಿದ್ದಳು. ಪಕ್ಕದಲ್ಲಿ ಅವಳದೇ ಒಂದು ತಟ್ಟೆ, ಅವಳದೇ ಒಂದು ಲೋಟ. ಒಳಗೆ ಬಾಗಿಲ ಬಳಿ ತಿಮ್ಮಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯಲ್ಲಿ ಆಡಿನ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಿದ್ದೇ ತಡ, ಅತ್ತೆಯ ಬಾಯಿ ಶುರುವಾಯಿತು.

"ಬಂದ್ರಾ ನರ್ಸಮ್ಮ, ನೀವೇ ಬುದ್ಧಿ ಹೇಳಿ ಇವ್ಳಿಗೆ. ಆಸ್ಪತ್ರೇಲಿ ಏನೂ ಇಲ್ಲ ಅಂದವ್ರೆ, ಕೂಸಿಗೆ ಹಾಲು ಕೊಡು ಅಂದ್ರೆ ಕೊಡಕಿಲ್ಲ. ಎತ್ಕೊಳ್ಳಕಿಲ್ಲ. ಎದೆಹಾಲು ಬತ್ತಿಸ್ಕೊಂಡವ್ಳೆ. ಹೆತ್ತ ಕೂಸನ್ನ ಹಿಂಗ್ ದೂರ ಮಾಡೋಳು ಯಾವಳಿದ್ದಾಳು? ಊರೋರೆಲ್ಲಾ ಆಡ್ಕೊತಾವ್ರೆ. ನನ್ ಮಗ ಬಂದಾಗ ಎರಡು ಏಟೂ ಹಾಕ್ದ."

ನಾನು ಮುನಿಯಮ್ಮನ ಕಡೆ ತಿರುಗಿದೆ.

"ನೀವು ಇಲ್ಲ ಅಂದ್ರಿ ನರ್ಸಮ್ಮ" ಅಂದಳು ಅವಳು. ಮಾತಿನಲ್ಲಿ ಕೋಪವಿರಲಿಲ್ಲ. "ನನ್ ಮೈ ಐತೆ ಅಂತು. ನಾನು ಮೈ ಮಾತು ಕೇಳ್ದೆ. ಆದ್ರೆ ಹೇಳ್ಕೊಳ್ಳಾಕೆ ನನ್ ತಾವ ಏನಿತ್ತು? ಚೀಟೀಲಿ ಇಲ್ಲ ಅಂತ ಬರ್ದಿತ್ತು."

ಕೂಸು ಚೆನ್ನಾಗಿದೆ ಎಂಬ ನೆಮ್ಮದಿ ಒಂದು ಕ್ಷಣ ಬಂತು. ಅದರ ಬೆನ್ನಿಗೇ, ಈ ಹುಡುಗಿ ಆರು ವಾರ ಯಾವ ಮಾತು ಕೇಳಿಸಿಕೊಂಡು ಇಲ್ಲಿ ಕೂತಿದ್ದಳು ಎಂಬುದು ಹೊಳೆದು ನನಗೆ ಅಳು ಬಂತು. ಅತ್ತೆ ಬಿಟ್ಟ ಒಂದೊಂದು ಬಾಣಕ್ಕೂ ನನ್ನ ಚೀಟಿಯೇ ಬಿಲ್ಲಾಗಿತ್ತು. ಒದ್ದೆ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತು ಅವಳ ಕೈ ಹಿಡಿದು ನಾಡಿ ನೋಡಿದೆ, ನೂರ ಮೂವತ್ತು. ಅವಳು ಆ ದಿನ ನೀರು ಮುಟ್ಟಿ ಎಷ್ಟು ಹೊತ್ತಾಯಿತೆಂದು ಕೇಳಿ, ಥರ್ಮಾಮೀಟರ್ ಇಟ್ಟೆ. ನೂರ ಎರಡು.

ಥರ್ಮಾಮೀಟರನ್ನು ಒರೆಸಿ ಎತ್ತಿಡಹೋದಾಗ ಮುನಿಯಮ್ಮ ನನ್ನ ಕೈ ತಡೆದಳು. "ನಮ್ಮತ್ತೆ ಎದುರಿಗೆ ಒಂದ್ ಮಾತು ಹೇಳ್ಬಿಡಿ ನರ್ಸಮ್ಮ. ನಾನು ಸುಳ್ಳು ಹೇಳ್ಲಿಲ್ಲ ಅಂತ."

ಹೇಳಿದೆ. ಮಡಕೆಯ ಕಥೆಯನ್ನೆಲ್ಲ ಹೇಳಿದೆ. ಅವಳಿಗೆ ಅವತ್ತೂ ಜ್ವರ ಇತ್ತು, ಇಲ್ಲವೆಂದು ಬರೆದವಳು ನಾನು, ಕೂಸನ್ನು ದೂರ ಇಟ್ಟು ಅವಳು ಮಾಡಿದ್ದೇ ಸರಿ, ನಾನು ಹೇಳಿದ್ದು ತಪ್ಪು ಅಂದೆ. ತಿಮ್ಮಕ್ಕ ಕುಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಉಗಿಯುತ್ತಾಳೆ ಅಂದುಕೊಂಡೆ. ಅವಳು ಸೊಸೆಯ ಕಡೆ ನೋಡಿ, "ಅಯ್ಯೋ ನನ್ ಬಾಯಿಗಿಷ್ಟು ಮಣ್ಣು ಹಾಕ" ಎಂದು ಬಾಯಿ ಬಡಿದುಕೊಂಡಳು.

ಶುಕ್ರವಾರ ಗಿರಣಿ ನಿಲ್ಲಿಸಿ ಮುನಿಯಮ್ಮನ ಪಟ ತೆಗೆದೆವು. ಎಣಿಸಿದಾಗ ಅವಳು ನಾಲ್ಕಕ್ಕೇ ನಿಂತಳು. ರಹಮತ್ ಸಾಹೇಬರು ಅವಳನ್ನು ತಟ್ಟೆಗೆ ಒರಗಿಸಿ ನಿಲ್ಲಿಸಿ, "ಬೇಟಿ, ಹತ್ತು ಬೇಡ, ಲಾಭ ಅನ್ನೋಷ್ಟು ಹೊತ್ತು ಉಸಿರು ಹಿಡಿ ಸಾಕು" ಅಂದರು. ಹಿಡಿದಳು. ಕತ್ತಲೆ ಕೋಣೆಯಿಂದ ಔಷಧಿಯ ಹುಳಿ ವಾಸನೆಯ ಜೊತೆಗೆ ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಅವರು ಹೊರಗೆ ತಂದರು. ಬೆಳಕಿಗೆ ಹಿಡಿದಾಗ ಬಲಗಡೆ ಕೊರಳೆಲುಬಿನ ಕೆಳಗೆ ಹಿಂಜಿದ ಅರಳೆಯಂಥ ಬಿಳುಪು, ಅದರ ನಡುವೆ ನಾಲ್ಕಾಣೆಯಷ್ಟಗಲದ ಒಂದು ತೂತು.

"ಆರು ವಾರ ಮುಂಚೆ ನೋಡಿದ್ದರೆ ಈ ತೂತು ಇರುತ್ತಿರಲಿಲ್ಲವಾ ಸರ್?" ಎಂದು ಕೇಳಿದೆ.

ಡಾಕ್ಟರು ಫಿಲ್ಮಿನಿಂದ ಕಣ್ಣು ತೆಗೆಯಲಿಲ್ಲ. "ಹೇಗೆ ಹೇಳಲಮ್ಮ? ಆಗಿನ ಪಟ ಇದ್ದಿದ್ದರೆ ಪಕ್ಕದಲ್ಲಿಟ್ಟು ಹೋಲಿಸಬಹುದಿತ್ತು."

ಆ ಪ್ರಶ್ನೆಗೆ ಉತ್ತರ ಇಲ್ಲಿಯವರೆಗೂ ಸಿಕ್ಕಿಲ್ಲ. ತೆಗೆಯದ ಪಟದಲ್ಲಿ ಏನಿತ್ತೆಂದು ಯಾರು ಹೇಳಬಲ್ಲರು? ಹೊಸ ಮಡಕೆ ತರಿಸಿ ಅದೇ ಜಾಗದಲ್ಲಿಟ್ಟೆ. ಬಂದವರು ಮೊದಲು ಬಾಯಿ ಮುಕ್ಕಳಿಸಲಿ, ಆಮೇಲೆ ಹೊಂಗೆಯ ನೆರಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಿಯುವವರೆಗೆ ಸುಮ್ಮನೆ ಕೂರಲಿ ಎಂದು ಕಟ್ಟಳೆ ಮಾಡಿದೆ. ಕಾಯಿಸುತ್ತಾಳೆಂದು ಜನ ನನ್ನನ್ನು ಬೈದರು. ಮುಂದೆ ಮೂವತ್ತು ವರ್ಷ, ಎಲ್ಲೆಲ್ಲಿ ಕೆಲಸ ಮಾಡಿದರೂ, ಈ ಬೈಗುಳ ನನ್ನ ಹಿಂದೆಯೇ ಬಂತು.

ಮುನಿಯಮ್ಮನನ್ನು ಬೆಂಗಳೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಲು ಡಾಕ್ಟರು ಕಾಗದ ಬರೆದರು. ಆಗ ಕ್ಷಯಕ್ಕೆ ಔಷಧಿಯೆಂದರೆ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಬದುಕಿದ್ದಳಂತೆ. ಊರಿಗೆ ಮರಳಲಿಲ್ಲ. ಕೂಸಿಗೆ ಏನೂ ಆಗಲಿಲ್ಲ. ಬೆಳೆದು, ಮದುವೆಯಾಗಿ ಹೊಸಕೋಟೆ ಕಡೆಗೆ ಹೋದಳೆಂದು ತಿಮ್ಮಕ್ಕ ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ನಾನು ಹೋಗಿ ಅವಳನ್ನು ನೋಡಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗಲಿ?

ಆದರೆ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಅದ್ಯಾವುದೂ ಅಲ್ಲ, ಮುನಿಯಮ್ಮ ಬೆಂಗಳೂರಿಗೆ ಹೊರಟ ಬೆಳಿಗ್ಗೆ. ನಮ್ಮ ಆಸ್ಪತ್ರೆಯ ಮುಂದೆ ಬಸ್ಸು ನಿಂತಿತ್ತು. ಗಂಡ ಅವಳ ಗಂಟನ್ನು ಹಿಡಿದು ತಲೆ ತಗ್ಗಿಸಿಕೊಂಡು ನಿಂತಿದ್ದ. ತಿಮ್ಮಕ್ಕ ಕೂಸನ್ನು ಎತ್ತಿಕೊಂಡು ಹೊಂಗೆ ಮರದಾಚೆ, ಹತ್ತು ಮಾರು ದೂರದಲ್ಲಿ ನಿಂತು, ಅವ್ವನನ್ನು ನೋಡಲಿ ಎಂದು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಮುನಿಯಮ್ಮ ಒಂದು ಹೆಜ್ಜೆ ಮುಂದೆ ಇಟ್ಟು, ನಿಂತು, ನನ್ನ ಕಡೆ ನೋಡಿದಳು.

"ರಾತ್ರಿಯೆಲ್ಲಾ ಅಳ್ತಿತ್ತಂತೆ. ಮೈ ಬೆಚ್ಚಗದೆಯಾ ಏನೋ. ನಾನ್ ಮುಟ್ಟೋ ಹಂಗಿಲ್ಲ. ನೀವು ನೋಡಿ ಬನ್ನಿ ನರ್ಸಮ್ಮ. ಗಾಜು ಬ್ಯಾಡ, ಕೈಯಾಗೆ ನೋಡಿ."

ಹೋಗಿ ಕೂಸಿನ ಕತ್ತಿನ ಹಿಂಭಾಗಕ್ಕೆ ನನ್ನ ಅಂಗೈ ಇಟ್ಟೆ. ಕೂದಲ ಕೆಳಗೆ ಸಣ್ಣಗೆ ಬೆವೆತಿತ್ತು. ಹಣೆ, ಹೊಟ್ಟೆ, ಅಂಗಾಲು ಎಲ್ಲ ಮುಟ್ಟಿ ನೋಡಿದೆ. ತಿರುಗಿ ಬಂದು, "ತಣ್ಣಗಿದೆ ಮುನಿಯಮ್ಮ, ಜ್ವರ ಇಲ್ಲ" ಅಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಅವಳಿಗೆ ನಾನು ಹಿಂದೆ ಹೇಳಿದ್ದೂ ಇದೇ ಮಾತು. ಅವಳು ನನ್ನ ಮುಖ ನೋಡಲಿಲ್ಲ, ಕೂಸನ್ನು ಮುಟ್ಟಿ ಬಂದ ನನ್ನ ಕೈಯನ್ನೇ ನೋಡುತ್ತಿದ್ದಳು. ಬಸ್ಸಿನವನು ಕೂಗಿದ.

"ಇನ್ನೊಂದ್ ಸಲ ನೋಡ್ಕಂಡ್ ಬನ್ನಿ" ಅಂದಳು.

ಮತ್ತೆ ಹೋದೆ. ಈ ಸಲ ಕೈ ಇಟ್ಟು, ತೆಗೆಯದೆ, ಬಸ್ಸಿನವನು ಎಷ್ಟು ಕೂಗಿದರೂ ತೆಗೆಯದೆ, ಹತ್ತರವರೆಗೆ ನಿಧಾನವಾಗಿ ಎಣಿಸಿದೆ. ತಣ್ಣಗೇ ಇತ್ತು.